ಕೇಬಲ್ ಮೋಡೆಮ್ ನೀವೇ ಜೋಡಿಸಿಕೊಳ್ಳಿ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರು ಮನೆ ಹಿಡಿದ ಕೂಡಲೇ ನನಗೆ ಫೋನ್ ಮಾಡುತ್ತಾರೆ: "ಅಣ್ಣಾ, ಮೋಡೆಮ್ ಬಾಡಿಗೆಗೆ ತಗೊಳ್ಳಲಾ?" ಬೇಡ, ಸ್ವಂತದ್ದು ಕೊಳ್ಳಿ. ನಿಮಗೆ ಇಂಟರ್ನೆಟ್ ಕೊಡುವ ಕಂಪನಿ ಒಪ್ಪುವ ಮಾಡೆಲ್‌ಗಳ ಪಟ್ಟಿ ನೋಡಿ, ಡಾಕ್ಸಿಸ್ 3.1 (ಕೇಬಲ್ ಇಂಟರ್ನೆಟ್ಟಿನ ಒಂದು ತಾಂತ್ರಿಕ ಮಾನದಂಡ) ಇರುವುದನ್ನೇ ಆರಿಸಿ.

ಗೋಡೆಯ ಕೋಆಕ್ಸ್ (ಕೇಬಲ್ ಟಿವಿಯ ದುಂಡು ವೈರ್) ಪಾಯಿಂಟ್‌ನಿಂದ ಮೋಡೆಮ್‌ಗೆ ನೇರವಾಗಿ ವೈರ್ ಎಳೆಯಿರಿ. ತಿರುಪನ್ನು ಕೈಯಲ್ಲೇ ಬಿಗಿ ಮಾಡಿ. ಸಡಿಲವಿದ್ದರೆ ಹೊರಗಿನ ರೇಡಿಯೊ ಗದ್ದಲವೆಲ್ಲ ಒಳಗೆ ನುಗ್ಗುತ್ತದೆ. ನಡುವೆ ಸ್ಪ್ಲಿಟರ್ (ಒಂದು ವೈರಿನ ಸಿಗ್ನಲ್ ಹಂಚುವ ತುಂಡು) ಇದ್ದರೆ ಕಿತ್ತು ಹಾಕಿ. ಎರಡು ಬಾಯಿಯ ಸ್ಪ್ಲಿಟರ್ ಒಂದೇ ಸುಮಾರು 3.5 ಡಿಬಿ (ಡೆಸಿಬೆಲ್), ಅಂದರೆ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ನುಂಗುತ್ತದೆ. ಟಿವಿಯೇ ಇಲ್ಲದ ಮನೆಗೆ ಅದು ಯಾಕೆ, ಅಲ್ವಾ?

ಪವರ್ ಕೊಟ್ಟು ಸುಮ್ನೆ ಕಾಯಿರಿ. ಮೋಡೆಮ್ ಮೊದಲು ಕಂಪನಿ ಕಳಿಸುವ ಚಾನೆಲ್ ಹುಡುಕುತ್ತದೆ. ಆಮೇಲೆ ತಾನು ಎಷ್ಟು ಜೋರಾಗಿ ಮಾತಾಡಬೇಕು ಅಂತ ಕಂಪನಿ ಕಡೆಯ ಯಂತ್ರದ ಜೊತೆ ಹೊಂದಿಸಿಕೊಳ್ಳುತ್ತದೆ. ಕೊನೆಗೆ ಐಪಿ ವಿಳಾಸ ಪಡೆದು, ನಿಮ್ಮ ಪ್ಲಾನಿನ ವೇಗ ಬರೆದಿರುವ ಫೈಲ್ ಇಳಿಸಿಕೊಳ್ಳುತ್ತದೆ. ಮೋಡೆಮ್ಮಿನ ಕೆಳಗೆ ಬರೆದಿರುವ ಮ್ಯಾಕ್ ನಂಬರನ್ನು (ಅದರ ಗುರುತಿನ ಸಂಖ್ಯೆ) ಕಂಪನಿಯ ಆ್ಯಪ್‌ನಲ್ಲಿ ಸೇರಿಸಿ.

ಲೈಟ್ ಮಿನುಗುತ್ತಲೇ ಇದ್ದರೆ ಬ್ರೌಸರಿನಲ್ಲಿ 192.168.100.1 (ಮೋಡೆಮ್ಮಿನದೇ ಪುಟ) ತೆರೆಯಿರಿ. ಡೌನ್‌ಸ್ಟ್ರೀಮ್ ಪವರ್ (ಕಂಪನಿಯಿಂದ ಬರುವ ಸಿಗ್ನಲ್ಲಿನ ಬಲ) -7ರಿಂದ +7 ಡಿಬಿಎಂವಿ (ಆ ಬಲದ ಅಳತೆ) ಒಳಗಿದ್ದರೆ ಚೆನ್ನ. ಅಪ್‌ಸ್ಟ್ರೀಮ್ (ಮೋಡೆಮ್ ಕಳಿಸುವ ಸಿಗ್ನಲ್ಲಿನ ಬಲ) 50 ಡಿಬಿಎಂವಿ ದಾಟಿದರೆ ಮೋಡೆಮ್ ಕಿರುಚಾಡುತ್ತಿದೆ ಅಂತ ಅರ್ಥ. ವೈರ್ ಅಥವಾ ಜಾಯಿಂಟ್ ನೋಡಿ. ಅದೂ ಸರಿಯಿದ್ದರೆ ಟೆಕ್ನಿಶಿಯನ್‌ನ ಕರೆಸಿ, ಈ ಅಂಕಿಗಳನ್ನೇ ತೋರಿಸಿ. "ರೀಸ್ಟಾರ್ಟ್ ಮಾಡಿ ನೋಡಿ" ಅನ್ನುವ ಮಾತು ಅಲ್ಲಿಗೇ ನಿಲ್ಲುತ್ತದೆ.