‘ಐ. ಬಿ.’ ಎಂದರೆ ಜೋನ್: ಹಳೆಯ ಇಂಗ್ಲಿಷ್ ಅಚ್ಚುಕೂಟಗಳ ಹೆಂಗಸರನ್ನು ಗುರುತಿಸುವ ಬಗೆ

1592ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜಾನ್ ಲಿಲಿಯ ‘ಮೈಡಸ್’ ನಾಟಕದ ಶೀರ್ಷಿಕೆ ಪುಟದ ಅಡಿಯಲ್ಲಿ ಥಾಮಸ್ ಸ್ಕಾರ್ಲೆಟ್ ಅದನ್ನು ‘ಐ. ಬಿ.ಗಾಗಿ’ ಅಚ್ಚು ಹಾಕಿದನೆಂದು ಇದೆ. ಗ್ರಂಥಸೂಚಿಯಲ್ಲಿ ಎಲಿಜಬೆತ್, ಮೇರಿ, ಜೋನ್ ಎಂದು ಹುಡುಕುವವರ ಕಣ್ಣಿಗೆ ಈ ಎರಡಕ್ಷರ ಬೀಳುವುದೇ ಇಲ್ಲ. ಹಾಗಾಗಿ ನಾನು ಹೆಂಗಸಿನ ಹೆಸರು ಹಿಡಿದು ಹುಡುಕಾಟ ಶುರುಮಾಡುವುದಿಲ್ಲ. ಆಕೆಯ ಗಂಡ ಸತ್ತ ದಿನಾಂಕವೇ ನನ್ನ ಮೊದಲ ಹೆಜ್ಜೆ.

ಕಾರಣ ಇಷ್ಟೇ. 1557ರ ರಾಜಸನ್ನದಿನ ನಂತರ ಇಂಗ್ಲೆಂಡಿನ ಮುದ್ರಣ ಬಹುಮಟ್ಟಿಗೆ ಲಂಡನ್ನಿನ ಸ್ಟೇಷನರ್ಸ್ ಕಂಪನಿ ಎಂಬ ಮುದ್ರಕರ ಮತ್ತು ಪುಸ್ತಕ ವ್ಯಾಪಾರಿಗಳ ಸಂಘದ ಸದಸ್ಯರ ಕೈಯಲ್ಲಿತ್ತು. ಸದಸ್ಯ ತೀರಿಕೊಂಡರೆ ಅವನ ವಿಧವೆ ಅಚ್ಚುಕೂಟ ನಡೆಸಬಹುದಿತ್ತು, ಅವನ ಪುಸ್ತಕಗಳ ಹಕ್ಕು ಇಟ್ಟುಕೊಳ್ಳಬಹುದಿತ್ತು, ಅಪ್ರೆಂಟಿಸರನ್ನು ಸೇರಿಸಿಕೊಳ್ಳಬಹುದಿತ್ತು. ಅದೇ ವೃತ್ತಿಯ ಇನ್ನೊಬ್ಬನನ್ನು ಮದುವೆಯಾದಳೆಂದರೆ ಮುದ್ರಣದ ಸಾಲಿನಲ್ಲಿ (ಯಾರು, ಯಾರಿಗಾಗಿ ಅಚ್ಚು ಹಾಕಿದ್ದೆಂದು ಹೇಳುವ ಸಾಲು) ಮತ್ತೆ ಗಂಡಸಿನ ಹೆಸರು. ಗಂಡನ ಸಾವಿಗೂ ಮರುಮದುವೆಗೂ (ಅಥವಾ ಆಕೆಯ ಸಾವಿಗೂ) ನಡುವಿನ ಆ ಕಾಲಾವಧಿಯನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಚರ್ಚಿನ ಹೂಳುವಿಕೆ ಮತ್ತು ಮದುವೆಯ ದಾಖಲೆ, ಗಂಡನ ಉಯಿಲು ಇದಕ್ಕೆ ಆಧಾರ. ಕ್ಯಾಂಟರ್ಬರಿಯ ನ್ಯಾಯಾಲಯದಲ್ಲಿ ಸಾಬೀತಾದ ಉಯಿಲುಗಳ ನಕಲುಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಪ್ರಾಬ್ 11 ಎಂಬ ಸರಣಿಯಲ್ಲಿವೆ. ಉಯಿಲನ್ನು ನಡೆಸಿಕೊಡುವ ಹೊಣೆ ಹೆಂಡತಿಗೇ ಇದ್ದರೆ ಅಂಗಡಿಯೂ ಆಕೆಯ ಕೈಗೆ ಬಂದಿರುವ ಸಂಭವ ಹೆಚ್ಚು.

ಈಗ ‘ಐ. ಬಿ.’ ಪ್ರಶ್ನೆಗೆ ಬರೋಣ. ಪುಸ್ತಕ ವ್ಯಾಪಾರಿ ವಿಲಿಯಂ ಬ್ರೂಮ್ ತೀರಿಕೊಂಡದ್ದು 1591ರಲ್ಲಿ. ಅದೇ ವರ್ಷ ಅಕ್ಟೋಬರ್ 4ರಂದು ಕಂಪನಿಯ ರಿಜಿಸ್ಟರಿನಲ್ಲಿ ಅವನ ವಿಧವೆಯ ಹೆಸರಿಗೆ ಮೂರು ನಾಟಕಗಳು ಒಟ್ಟಿಗೇ ದಾಖಲಾಗಿವೆ: ‘ಎಂಡಿಮಿಯನ್’, ‘ಗಲಾಥಿಯ’, ‘ಮೈಡಸ್’. ಮೊದಲೆರಡರ ಶೀರ್ಷಿಕೆ ಪುಟದಲ್ಲಿ ‘ವಿಧವೆ ಬ್ರೂಮ್‌ಗಾಗಿ’ ಎಂದು ಬಿಡಿಸಿಯೇ ಹಾಕಿದೆ. ಅಚ್ಚು ಹಾಕಿದವನು ಜಾನ್ ಚಾರ್ಲ್‌ವುಡ್. ಮೂರನೆಯದರಲ್ಲಿ ಮಾತ್ರ ‘ಐ. ಬಿ.’. ಒಂದೇ ದಾಖಲೆ ಮೂರನ್ನೂ ಕಟ್ಟಿಹಾಕುವುದರಿಂದ ‘ಐ. ಬಿ.’ ಎಂದರೆ ಜೋನ್ ಬ್ರೂಮ್ ಎನ್ನಲು ಅಡ್ಡಿಯಿಲ್ಲ. ಈ ರಿಜಿಸ್ಟರಿನ 1554ರಿಂದ 1640ರವರೆಗಿನ ಭಾಗವನ್ನು ಎಡ್ವರ್ಡ್ ಆರ್ಬರ್ ಐದು ಸಂಪುಟಗಳಲ್ಲಿ ಅಚ್ಚು ಮಾಡಿಸಿದ್ದಾನೆ. ಈ ಕೆಲಸದಲ್ಲಿ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪುಸ್ತಕ ಇನ್ನೊಂದಿಲ್ಲ.

ಜೋನ್ ‘ಜೆ’ ಆಗದೆ ‘ಐ’ ಆದದ್ದು ಏಕೆ? ಆ ಕಾಲದ ಮೊಳೆಪೆಟ್ಟಿಗೆಯಲ್ಲಿ (ಅಚ್ಚಿನ ಅಕ್ಷರಗಳನ್ನು ಇಡುವ ಪೆಟ್ಟಿಗೆ) ದೊಡ್ಡಕ್ಷರದ ‘ಜೆ’ಗೆ ಬೇರೆ ಮನೆ ಇರಲಿಲ್ಲ. ಜಾನ್, ಜೇಮ್ಸ್, ಜೋನ್, ಜೇನ್, ಜಾಕ್ವೆಲಿನ್ ಎಲ್ಲರಿಗೂ ಒಂದೇ ‘ಐ’. ‘ಡಬ್ಲ್ಯೂ’ ಮೊಳೆ ಸಾಲದಾದಾಗ ಎರಡು ‘ವಿ’ಗಳನ್ನು ಪಕ್ಕಪಕ್ಕ ಕೂರಿಸುತ್ತಿದ್ದರು. ವಿಧವೆ ಎಂಬರ್ಥದ ‘ವಿಡೊ’ ಪದದಲ್ಲಿ ‘ಡಿ’ ಒಂದೋ ಎರಡೋ, ‘ಐ’ ಜಾಗದಲ್ಲಿ ‘ವೈ’, ಕೊನೆಯಲ್ಲಿ ಒಂದು ‘ಇ’ ಇದ್ದರೂ ಇತ್ತು, ಇಲ್ಲದಿದ್ದರೂ ಇಲ್ಲ. ಕಂಪ್ಯೂಟರಿನಲ್ಲಿ ಹುಡುಕುವಾಗ ಇಷ್ಟೂ ರೂಪಗಳನ್ನು ಬೇರೆಬೇರೆಯಾಗಿ ಕೊಡಬೇಕು. ‘ರೆಲಿಕ್ಟ್’ (ಇದೂ ವಿಧವೆಯೇ) ಮತ್ತು ‘ಅಸೈನ್ಸ್’ (ಹಕ್ಕು ವಹಿಸಿಕೊಂಡವರು) ಪದಗಳನ್ನೂ ಬಿಡಬಾರದು.

ಗಂಡ ಹೆಂಡತಿಯ ಮೊದಲಕ್ಷರ ಒಂದೇ ಆದಾಗ ತೊಡಕು ಇನ್ನೂ ಹೆಚ್ಚು. ಮುದ್ರಕ ಎಡ್ವರ್ಡ್ ಆಲ್ಡ್ 1620ರ ದಶಕದ ಕೊನೆಯಲ್ಲಿ ತೀರಿಕೊಂಡ ಮೇಲೆ ಅಚ್ಚುಕೂಟ ನಡೆಸಿದವಳು ಅವನ ವಿಧವೆ ಎಲಿಜಬೆತ್ ಆಲ್ಡ್. ಇಬ್ಬರೂ ‘ಇ. ಎ.’. ಇಸವಿ ನೋಡದೆ ಇದನ್ನು ಬಿಡಿಸಲಾಗದು. ಇನ್ನು ಕೆಲವರು ಗಂಡನ ಹೆಸರಿನಡಿ ಸಿಗುವುದೇ ಇಲ್ಲ. ಇಂಗ್ಲೆಂಡಿನಲ್ಲಿ ತನ್ನ ಸ್ವಂತ ಹೆಸರು ಹಾಕಿ ಪುಸ್ತಕ ಮುದ್ರಿಸಿದ ಮೊದಲ ಹೆಂಗಸೆಂದು ಗುರುತಾದವಳು ಫ್ಲೀಟ್ ಸ್ಟ್ರೀಟಿನ ಎಲಿಜಬೆತ್ ಪಿಕರಿಂಗ್. ಆಕೆಯ ಗಂಡ ರಾಬರ್ಟ್ ರೆಡ್‌ಮನ್ ಸತ್ತದ್ದು 1540ರಲ್ಲಿ. ರೆಡ್‌ಮನ್ ಎಂದಷ್ಟೇ ಹುಡುಕಿದರೆ ಆಕೆ ಪಿಕರಿಂಗ್ ಎಂದು ಸಹಿ ಹಾಕಿದ ಪುಸ್ತಕಗಳು ತಪ್ಪಿಹೋಗುತ್ತವೆ. ಅಂದಿನ ಪುಸ್ತಕಗಳಲ್ಲಿ ಮುದ್ರಕರ ಹೆಸರು ಬಹಳ ಸಲ ಮೊದಲ ಪುಟದಲ್ಲಿರದೆ ಕೊನೆಯ ಪುಟದ ಟಿಪ್ಪಣಿಯಲ್ಲಿರುತ್ತದೆ. ಅದನ್ನು ನೋಡದೆ ‘ಹೆಸರಿಲ್ಲ’ ಎಂದು ಬರೆಯಬಾರದು.

ಇಸವಿಯಲ್ಲೂ ಎಚ್ಚರ ಬೇಕು. ಇಂಗ್ಲೆಂಡಿನ ದಾಖಲೆಗಳಲ್ಲಿ 1751ರವರೆಗೂ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ರಂದು. ಜನವರಿ 1ರಿಂದ ಮಾರ್ಚ್ 24ರವರೆಗಿನ ದಿನಗಳಿಗೆ ಒಂದು ವರ್ಷ ಕೂಡಿಸಿಕೊಳ್ಳಬೇಕು. ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್‌ನ ಮುದ್ರಕ ಥಾಮಸ್ ವಾಟ್ರೊಲಿಯೆ 1587ರಲ್ಲಿ ತೀರಿಕೊಂಡ. 1588ರ ಒಂದು ಪುಸ್ತಕದಲ್ಲಿ ರಿಚರ್ಡ್ ಫೀಲ್ಡ್‌ಗಾಗಿ ‘ಐ. ವಾಟ್ರೊಲಿಯೆ’ ಅಚ್ಚು ಹಾಕಿದ್ದೆಂದಿದೆ. ಈಕೆ ಅವನ ವಿಧವೆ ಜಾಕ್ವೆಲಿನ್. ಫೀಲ್ಡ್‌ನೊಂದಿಗೆ ಆಕೆಯ ಮದುವೆ ನಮ್ಮ ಲೆಕ್ಕದಲ್ಲಿ 1589ರ ಜನವರಿ, ಅವರ ಲೆಕ್ಕದಲ್ಲಿ ಇನ್ನೂ 1588. ಇದನ್ನು ಸರಿಪಡಿಸಿಕೊಳ್ಳದಿದ್ದರೆ ಆಕೆ ಸ್ವಂತವಾಗಿ ಅಚ್ಚುಕೂಟ ನಡೆಸಿದ ವರ್ಷವೇ ಲೆಕ್ಕದಿಂದ ಅಳಿಸಿಹೋಗುತ್ತದೆ. ಹೀಗೆ ಅಳಿಸಿಹೋದವರು ಎಷ್ಟೋ ಮಂದಿ ಎಂಬುದಕ್ಕೇ ನಾನು ಈ ಒಂದು ವರ್ಷದ ಲೆಕ್ಕಕ್ಕೆ ಅಷ್ಟು ಹಟ ಹಿಡಿಯುವುದು.

ಮುದ್ರಣದ ಸಾಲನ್ನು ಟಿಪ್ಪಣಿ ಮಾಡಿಕೊಳ್ಳುವಾಗ ‘ಇಂಥವರಿಂದ’, ‘ಇಂಥವರಿಗಾಗಿ’, ‘ಇಂಥವರಲ್ಲಿ ಮಾರಾಟಕ್ಕಿದೆ’ ಎಂಬ ಮೂರನ್ನೂ ಬೇರೆಬೇರೆ ಅಂಕಣದಲ್ಲಿ ಬರೆಯುತ್ತೇನೆ. ಮೊದಲನೆಯವರು ಅಚ್ಚುಕೂಟದವರು, ಎರಡನೆಯವರು ದುಡ್ಡು ಹಾಕಿದವರು, ಮೂರನೆಯವರು ಅಂಗಡಿಯವರು. ಜೋನ್ ಬ್ರೂಮ್ ಎರಡನೆಯ ಬಗೆ. ಆಕೆಯನ್ನು ಮುದ್ರಕಿ ಎಂದು ಬರೆದರೆ ತಪ್ಪು. ಗ್ರಂಥಸೂಚಿಯಲ್ಲಿ ಚೌಕ ಕಂಸದೊಳಗೆ ಇರುವ ಹೆಸರು ಸೂಚಿ ತಯಾರಿಸಿದವರ ಊಹೆ, ಪುಸ್ತಕದ ಮಾತಲ್ಲ. ಮೂರು ಚುಕ್ಕೆ ಕಂಡಲ್ಲಿ ಅವರು ಏನನ್ನೋ ಬಿಟ್ಟಿದ್ದಾರೆ, ಬಹಳ ಸಲ ಅಂಗಡಿಯ ವಿಳಾಸವನ್ನೇ. ಆದ್ದರಿಂದ ಪುಟದ ಚಿತ್ರ ತೆರೆದು ಅಕ್ಷರ ಬಿಡದೆ ನಕಲು ಮಾಡಿಕೊಳ್ಳುವುದೇ ಸರಿ. ಅಂಗಡಿಯ ಫಲಕದ ಗುರುತು ಮುಖ್ಯ: ಹೆಸರು ಬದಲಾದರೂ ಬೈಬಲ್ ಚಿಹ್ನೆಯ ಅಂಗಡಿ ಬೈಬಲ್ ಚಿಹ್ನೆಯಾಗಿಯೇ ಉಳಿದಿರುತ್ತದೆ.

ಹೆಸರೇ ಇಲ್ಲದ ಪುಸ್ತಕಕ್ಕೆ ಅಲಂಕಾರದ ಬ್ಲಾಕುಗಳನ್ನೂ ಚಿತ್ರಾಕ್ಷರಗಳನ್ನೂ ಹೋಲಿಸಬೇಕು. ಒಂದು ಬ್ಲಾಕು ಹೊಂದಿದರೆ ಸಾಲದು, ಏಕೆಂದರೆ ಅಚ್ಚುಕೂಟಗಳು ಅವನ್ನು ಕಡ ಕೊಡುತ್ತಿದ್ದವು, ಮಾರುತ್ತಿದ್ದವು, ಒಂದೇ ಪುಸ್ತಕದ ಹಾಳೆಗಳನ್ನು ಎರಡು ಮೂರು ಕಡೆ ಹಂಚಿ ಅಚ್ಚು ಹಾಕಿಸುತ್ತಿದ್ದವು. ಕನಿಷ್ಠ ಮೂರು ಬ್ಲಾಕುಗಳು, ಅವುಗಳ ಬಿರುಕು ಮುಕ್ಕುಗಳ ಸಮೇತ ಹೊಂದಬೇಕು. ಮರದ ಬಿರುಕು ಬೆಳೆಯುತ್ತದೆ, ಕೂಡಿಕೊಳ್ಳುವುದಿಲ್ಲ. ಹಾಗಾಗಿ ಇಸವಿಯಿಲ್ಲದ ಪುಸ್ತಕ ಮೊದಲಿನದೋ ನಂತರದ್ದೋ ಎಂಬುದು ಅದರಿಂದ ತಿಳಿಯುತ್ತದೆ. ಮೊಳೆಯ ಗಾತ್ರಕ್ಕೆ ಇಪ್ಪತ್ತು ಸಾಲುಗಳ ಎತ್ತರ ಅಳೆಯುವುದು ರೂಢಿ. ಪೈಕಾ ಎಂಬ ಗಾತ್ರದ ಮೊಳೆಯಲ್ಲಿ ಅದು ಸುಮಾರು 82 ಮಿ.ಮೀ. ಕಾಗದವನ್ನು ಒದ್ದೆ ಮಾಡಿ ಅಚ್ಚು ಹಾಕುತ್ತಿದ್ದರು. ಒಣಗಿದ ಮೇಲೆ ಅದು ಕುಗ್ಗುತ್ತದೆ. ಆದ್ದರಿಂದ 1 ಮಿ.ಮೀ. ವ್ಯತ್ಯಾಸದಿಂದ ಏನೂ ಹೇಳಲಾಗದು. ಮೈಕ್ರೊಫಿಲ್ಮಿನಿಂದ ತೆಗೆದ ಚಿತ್ರದ ಮೇಲೆ ಸ್ಕೇಲು ಇಡಲೇಬಾರದು, ಅದರಲ್ಲಿ ಮೂಲದ ಅಳತೆ ಉಳಿದಿರುವುದಿಲ್ಲ.

ಬ್ಲಾಕುಗಳು ಅಚ್ಚುಕೂಟವನ್ನು ತೋರಿಸುತ್ತವೆಯೇ ಹೊರತು ಯಜಮಾನರನ್ನಲ್ಲ. ಎಡ್ವರ್ಡ್ ಆಲ್ಡ್ ಬಳಸಿದ ಬ್ಲಾಕನ್ನೇ ಎಲಿಜಬೆತ್ ಆಲ್ಡ್ ಬಳಸಿರುತ್ತಾಳೆ. ಯಜಮಾನಿಕೆಗೆ ಒಳ್ಳೆಯ ಸಾಕ್ಷಿ ಅಪ್ರೆಂಟಿಸರ ಪಟ್ಟಿ. 1605ರಿಂದ 1800ರವರೆಗಿನದನ್ನು ಡಿ. ಎಫ್. ಮೆಕೆಂಜಿ ಸಿದ್ಧಪಡಿಸಿದ್ದಾನೆ. ಹುಡುಗನೊಬ್ಬ ವಿಧವೆಯ ಬಳಿ ಕನಿಷ್ಠ ಏಳು ವರ್ಷದ ಕರಾರಿಗೆ ಸೇರಿದ್ದರೆ ಅಂಗಡಿಯ ಒಡತಿ ಆಕೆಯೇ.

ಹೆಸರಿದ್ದಲ್ಲೆಲ್ಲ ಆಕೆಯೇ ಪ್ರಕಾಶಕಿ ಎಂದೂ ಅಲ್ಲ. ಅಲೆಕ್ಸಾಂಡರ್ ಪೋಪ್ ಎಂಬ ಕವಿಯ ‘ಡನ್ಸಿಯಡ್’ 1728ರಲ್ಲಿ ಬಂದಾಗ ಡಬ್ಲಿನ್ನಿನಲ್ಲಿ ಅಚ್ಚಾದದ್ದನ್ನು ಲಂಡನ್ನಿನಲ್ಲಿ ‘ಎ. ಡಾಡ್‌ಗಾಗಿ’ ಮರುಮುದ್ರಿಸಿದ್ದೆಂದು ಹಾಕಲಾಗಿತ್ತು. ಡಬ್ಲಿನ್ನಿನ ಮುದ್ರಣವೇ ಸುಳ್ಳು. ಕರಪತ್ರ ಮಾರುತ್ತಿದ್ದ ಆನ್ ಡಾಡ್‌ಳ ಹೆಸರು ಅಲ್ಲಿ ಮರೆಗೆ ಮಾತ್ರ.

ಇದಕ್ಕೆ ತಿರುಗುಮುರುಗಾದದ್ದು ಕ್ವೇಕರರ (ಒಂದು ಕ್ರೈಸ್ತ ಪಂಥದವರ) ಮುದ್ರಕಿ ಟೇಸ್ ಸೌಲ್‌ಳದು. ಈಕೆ ವಿಧವೆಯಲ್ಲ, ಮುದ್ರಕನ ಮಗಳು. ತಂದೆಯ ಅಚ್ಚುಕೂಟವನ್ನು 1691ರಲ್ಲಿ ಕೈಗೆ ತೆಗೆದುಕೊಂಡಳು. ಸ್ವತಃ ಮೊಳೆ ಜೋಡಿಸಬಲ್ಲವಳೆಂದು ಪುಸ್ತಕ ವ್ಯಾಪಾರಿ ಜಾನ್ ಡಂಟನ್ 1705ರಲ್ಲಿ ಮೆಚ್ಚಿ ಬರೆದಿದ್ದಾನೆ. ಹೆಂಗಸಿನ ಕೈಕೆಲಸದ ಬಗ್ಗೆ ಇಷ್ಟು ನೇರವಾದ ಸಾಕ್ಷಿ ಬಲು ಅಪರೂಪ. ಆದರೆ 1706ರ ಮದುವೆಯ ನಂತರ ಪುಸ್ತಕಗಳಲ್ಲಿ ಬಂದದ್ದು ತಾಯಿ ಜೇನ್‌ಳ ಹೆಸರು, ‘ಜೆ. ಸೌಲ್’. ತಾಯಿ ತೀರಿಕೊಂಡ ಮೇಲೆ ‘ಜೆ. ಸೌಲ್‌ಳ ಅಸೈನ್ಸ್’. ಆದ್ದರಿಂದ ಟೇಸ್‌ಳ ಬಗೆಗಿನ ಟಿಪ್ಪಣಿ ಹಾಳೆಯಲ್ಲಿ ‘ಟಿ. ಸೌಲ್’, ‘ಜೆ. ಸೌಲ್’, ‘ಅಸೈನ್ಸ್’ ಮೂರನ್ನೂ ಒಬ್ಬಳ ಹೆಸರಿನಡಿಯೇ ಬರೆದು, ಯಾವುದು ಯಾವ ವರ್ಷದ್ದೆಂದು ಪಕ್ಕದಲ್ಲಿ ಹಾಕಿಡಬೇಕು.