49 ಸಾವಿರ ಬಿಲ್ಡ್ ಬೇಡ, 17 ಸಾಕು: ನನ್ನ ಅನುಭವ

ನಮ್ಮದು ಸಿ ಪ್ಲಸ್ ಪ್ಲಸ್ ಲೈಬ್ರರಿ. ಕೋಡ್ ಬಿಲ್ಡ್ ಮಾಡಿಸುವ ಟೂಲ್ ಸಿಮೇಕ್‌ನಲ್ಲಿ 12 ಆನ್-ಆಫ್ ಆಪ್ಷನ್, 3 ಕಂಪೈಲರ್, 4 ಸ್ಟ್ಯಾಂಡರ್ಡ್ (ಭಾಷೆಯ ಆವೃತ್ತಿ). ಗುಣಿಸಿದರೆ 49,152 ಬಿಲ್ಡ್. ಅಷ್ಟೂ ಓಡಿಸೋಕೆ ಆಗಲ್ಲ ಅಂತ ಡೀಫಾಲ್ಟ್ ಒಂದು, ಎಲ್ಲಾ ಆನ್ ಒಂದು, ಎಲ್ಲಾ ಆಫ್ ಒಂದು ನೋಡಿ ರಿಲೀಸ್ ಮಾಡುತ್ತಿದ್ದೆವು. ಪೇರ್‌ವೈಸ್ (ಯಾವ ಎರಡು ಆಪ್ಷನ್ ತೆಗೆದುಕೊಂಡರೂ ಅವುಗಳ ಪ್ರತಿ ಜೋಡಿ ಒಂದು ಬಿಲ್ಡ್‌ನಲ್ಲಾದರೂ ಬರುವ ಹಾಗೆ 17 ಬಿಲ್ಡ್ ಆರಿಸುವುದು) ಮಾಡೋಣ ಅಂದಾಗ, "ಹದಿನೇಳು ಬಿಲ್ಡ್‌ನಲ್ಲಿ ಏನು ಸಿಗುತ್ತೆ ಮಾರಾಯ" ಅಂದರು ಟೀಮಿನವರು.

ಅದಕ್ಕೂ ಮುಂಚೆ ರ್ಯಾಂಡಮ್ ಆಗಿ ಮಾಡಿ ಕೈ ಸುಟ್ಟುಕೊಂಡಿದ್ದೆ. ಲಿನಕ್ಸ್ ಕರ್ನಲ್‌ನವರ ರ್ಯಾಂಡ್‌ಕಾನ್ಫಿಗ್ (ಆಪ್ಷನ್‌ಗಳನ್ನು ರ್ಯಾಂಡಮ್ ಆಗಿ ಆರಿಸುವ ಸೌಲಭ್ಯ) ನೋಡಿ ಬಂದ ಆಸೆ. ಬಾಡಿಗೆ ಮೆಷಿನ್‌ನಲ್ಲಿ ರಾತ್ರಿಗೆ 200 ಬಿಲ್ಡ್. ತಿಂಗಳ ಬಿಲ್ 40 ಸಾವಿರದ ಹತ್ತಿರ, ಅರ್ಧಕ್ಕಿಂತ ಜಾಸ್ತಿ ವಿಂಡೋಸ್‌ದೇ. ಫೇಲ್ ಆದವುಗಳಲ್ಲಿ ಹೆಚ್ಚಿನವು ನಿಜವಾದ ಬಗ್ ಅಲ್ಲ, ಸುಮ್ನೆ ಒಟ್ಟಿಗೆ ಆಗದ ಕಾಂಬಿನೇಷನ್. ಎಂಎಸ್‌ವಿಸಿಯಲ್ಲಿ (ಮೈಕ್ರೋಸಾಫ್ಟ್ ಕಂಪೈಲರ್) ಸಿ ಪ್ಲಸ್ ಪ್ಲಸ್ 11 ಬೇಕು ಅಂತ ಹೇಳೋ ಫ್ಲ್ಯಾಗೇ ಇಲ್ಲ, ಅಲ್ವಾ?

ಆಮೇಲೆ ಪೇರ್‌ವೈಸ್ ಪಟ್ಟಿ ಮಾಡಿಕೊಡುವ ಮೈಕ್ರೋಸಾಫ್ಟ್ ಟೂಲ್ ಪಿಕ್ಟ್ ಹಿಡಿದೆ; ಪಟ್ಟಿಯ ಒಂದೊಂದು ಸಾಲು ಒಂದೊಂದು ಬಿಲ್ಡ್. ಆಗದ ಜೋಡಿಗಳನ್ನು ಕಂಡಿಷನ್ ಮಾಡಿ ಬರೆಯೋಕೇ ಒಂದು ವಾರ ಹೋಯಿತು, ಕೆಲಸದ ಮುಕ್ಕಾಲು ಪಾಲು ಅದೇ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸುಮಾರು 45 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಮೆಷಿನ್ ತಂದು ಸಿಕ್ಯಾಶ್ (ಮೊದಲೇ ಕಂಪೈಲ್ ಆದದ್ದನ್ನು ಉಳಿಸಿ ಮತ್ತೆ ಬಳಸುವ ಟೂಲ್) ಹಾಕಿದೆ. ಲಿನಕ್ಸ್ ಸಾಲುಗಳೆಲ್ಲ 25 ನಿಮಿಷದಲ್ಲಿ ಮುಗಿಯತೊಡಗಿದವು.

ಆದರೆ ಹತ್ತು ದಿನ ಎಲ್ಲಾ ಹಸಿರು, ಗ್ರಾಹಕರ ಕಡೆ ಮಾತ್ರ ಕ್ರ್ಯಾಶ್ ನಿಲ್ಲಲಿಲ್ಲ. ಕೂತು ಯೋಚಿಸಿದಾಗ ಹೊಳೆಯಿತು: ಟೆಸ್ಟನ್ನೂ ಲೈಬ್ರರಿಯ ಫ್ಲ್ಯಾಗಿನಲ್ಲೇ ಬಿಲ್ಡ್ ಮಾಡುತ್ತಿದ್ದೆ. ಗ್ರಾಹಕರು ಹಾಗೆ ಮಾಡಲ್ಲ. ಲೈಬ್ರರಿ ಇನ್‌ಸ್ಟಾಲ್ ಮಾಡಿ, ಟೆಸ್ಟನ್ನು ಬೇರೆ ಫೋಲ್ಡರಿನಲ್ಲಿ, ಬೇರೆ ಫ್ಲ್ಯಾಗ್ ಹಾಕಿ ಲಿಂಕ್ ಮಾಡಿದೆ. ಅವತ್ತು ರಾತ್ರಿಯೇ 13ನೇ ಸಾಲು ಫೇಲ್ ಆಯಿತು. ಗ್ರಾಹಕರ ಕೋಡಿಗೂ ಸೇರುವ ಪಬ್ಲಿಕ್ ಹೆಡರ್‌ನಲ್ಲಿ ಒಂದು ಸ್ಟ್ರಕ್ಟ್ (ಡೇಟಾ ಗುಂಪು), ಅದರ ನಡುವೆ ಆಪ್ಷನ್ ಆನ್ ಇದ್ದರೆ ಮಾತ್ರ ಒಳಗಿನದನ್ನು ಸೇರಿಸುವ ಇಫ್‌ಡೆಫ್, ಅದರೊಳಗೆ ಟ್ರೇಸಿಂಗ್‌ಗೆ ಒಂದು ಪಾಯಿಂಟರ್. ಲೈಬ್ರರಿಯ ಲೆಕ್ಕಕ್ಕೆ ಅದು 56 ಬೈಟ್, ಟೆಸ್ಟಿನ ಲೆಕ್ಕಕ್ಕೆ 48. ಲೈಬ್ರರಿ ಬರೆದ ಕೊನೆಯ 8 ಬೈಟು ಪಕ್ಕದ ವೇರಿಯಬಲ್ ಮೇಲೆ ಬೀಳುತ್ತಿತ್ತು. ಎರಡು ವರ್ಷದಿಂದ ಕಾಡುತ್ತಿದ್ದ ಕ್ರ್ಯಾಶ್ ಅದು! ಆಪ್ಷನ್ ಆಫ್ ಇದ್ದರೂ ಪಾಯಿಂಟರ್ ಇರಲಿ ಅಂತ ಮಾಡಿದೆವು, ನಿಂತಿತು.

ಆಲ್ಪೈನ್ ಲಿನಕ್ಸ್‌ನ ಸಾಲೊಂದನ್ನು ಕೈಯಿಂದ ಸೇರಿಸಿ ನೋಡಿದೆ. ಅದರ ಸಿ ಲೈಬ್ರರಿ ಮಸಲ್‌ನಲ್ಲಿ ಥ್ರೆಡ್‌ಗೆ ಡೀಫಾಲ್ಟ್ ಆಗಿ ಸಿಗುವ ಸ್ಟ್ಯಾಕ್ ಮೆಮೊರಿ 128 ಕೆಬಿ, ನಮ್ಮ ರಿಕರ್ಷನ್ ಅಷ್ಟಕ್ಕೇ ಸತ್ತಿತು. ಮೂರು ಮೂರು ಆಪ್ಷನ್ ಸೇರಿಸಿಯೂ ಓಡಿಸಿದೆ. ಸಾಲು 50ರ ಹತ್ತಿರ ಹೋಯಿತು, ಹೊಸದಾಗಿ ಸಿಕ್ಕಿದ್ದು ಒಂದೇ ಬಗ್. ಅದನ್ನೀಗ ರಿಲೀಸ್ ಮುಂಚೆ ಮಾತ್ರ ಓಡಿಸುತ್ತೇನೆ.

ಯಾವ ಸಾಲು ಮೊದಲು ಓಡಬೇಕು ಅಂತ ಜೋಡಿಸುವ ಸಣ್ಣ ಸ್ಕ್ರಿಪ್ಟ್ ಒಂದಿದೆ, ಅದನ್ನು ಸದ್ಯಕ್ಕೆ ಕೊಡಲ್ಲ. ಅವತ್ತು "ಏನು ಸಿಗುತ್ತೆ" ಅಂದವರೇ ಈಗ ಹೊಸ ಆಪ್ಷನ್ ಹಾಕುವ ಮುಂಚೆ ಪಿಕ್ಟ್ ಫೈಲ್ ತಿದ್ದಿ ಕಳಿಸುತ್ತಾರೆ.