ಮನೆಯ ಲ್ಯಾಪ್‌ಟಾಪಿನಲ್ಲಿ ಮೊದಲ ಗುರುತ್ವ ಅಲೆಯನ್ನು ಹುಡುಕುವ ಬಗೆ

ಗುರುತ್ವ ಅಲೆಯನ್ನು, ಅಂದರೆ ಭಾರಿ ಕಾಯಗಳ ಚಲನೆಯಿಂದ ದೇಶ-ಕಾಲದಲ್ಲಿ ಏಳುವ ಅಲೆಯನ್ನು, ಹುಡುಕುವವರು ಅದರ ಆಕಾರವನ್ನು ಮೊದಲೇ ಲೆಕ್ಕಹಾಕಿಕೊಂಡಿರಬೇಕು. ಹುಡುಕುತ್ತಿರುವುದು ಏನೆಂದು ತಿಳಿಯದಿದ್ದರೆ ಅದು ಎದುರಿಗೆ ಬಂದರೂ ಗುರುತು ಹತ್ತುವುದಿಲ್ಲ. ಒಂದನ್ನೊಂದು ಸುತ್ತುವ ಎರಡು ಕಪ್ಪುಕುಳಿಗಳು ಶಕ್ತಿಯನ್ನು ಅಲೆಗಳಾಗಿ ಕಳೆದುಕೊಳ್ಳುತ್ತ ಹತ್ತಿರವಾಗುತ್ತವೆ, ಹತ್ತಿರವಾದಷ್ಟೂ ಬೇಗ ಸುತ್ತುತ್ತವೆ. ಆದ್ದರಿಂದ ಅಲೆಯ ಎತ್ತರವೂ ಆವರ್ತನವೂ ಒಟ್ಟಿಗೇ ಏರುತ್ತವೆ, ಡಿಕ್ಕಿಯಾದ ಮೇಲೆ ಅಲೆಯು ಬಾರಿಸಿದ ಗಂಟೆಯ ನಾದದಂತೆ ಅಡಗುತ್ತದೆ. ಏರಿಕೆಯ ಭಾಗವನ್ನು ನಿಖರವಾಗಿ ಲೆಕ್ಕಹಾಕಿದವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲಾ ಅಯ್ಯರ್ ಒಬ್ಬರು. ಕೊನೆಯ ನಾದವನ್ನು 1970ರಲ್ಲೇ ಲೆಕ್ಕದಲ್ಲಿ ಕಂಡವರು, ಮುಂದೆ ನಮ್ಮ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದ ಸಿ. ವಿ. ವಿಶ್ವೇಶ್ವರ. ತಾರಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವವರು ಇದನ್ನು ಅವರಿಗೆ ಹೇಳಬೇಕೆಂಬುದು ನನ್ನ ಆಸೆ.

ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ಗಳಲ್ಲಿ ಗುರುತ್ವ ಅಲೆ ಅಳೆಯುವ ಉಪಕರಣಗಳಿರುವ ಲೈಗೋ ವೀಕ್ಷಣಾಲಯ ತನ್ನ ದತ್ತಾಂಶವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಅಲ್ಲಿಂದ 2015ರ ಸೆಪ್ಟೆಂಬರ್ 14ರ ಮೊದಲ ಅಲೆಗೆ ಸಂಬಂಧಿಸಿದ, ಸೆಕೆಂಡಿಗೆ 4096 ಅಳತೆಗಳಿರುವ 32 ಸೆಕೆಂಡುಗಳ ಎರಡು ಕಡತಗಳನ್ನು, ಹ್ಯಾನ್‌ಫರ್ಡ್‌ನದೊಂದು, ಲಿವಿಂಗ್‌ಸ್ಟನ್‌ನದೊಂದು, ಇಳಿಸಿಕೊಳ್ಳಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಅಲೆ ಬಂದದ್ದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ 45 ಸೆಕೆಂಡಿಗೆ. ನೇರವಾಗಿ ನಕ್ಷೆ ಬರೆದರೆ ಏನೂ ಕಾಣದು: ಉಪಕರಣದ 4 ಕಿಲೋಮೀಟರ್ ತೋಳಿನ ಉದ್ದದಲ್ಲಿ ಆದ ವ್ಯತ್ಯಾಸ ಪ್ರೋಟಾನಿನ ವ್ಯಾಸದ ನೂರನೇ ಒಂದು ಪಾಲಿಗಿಂತಲೂ ಕಡಿಮೆ, ನೆಲದ ಕಂಪನ ತರುವ ನಿಧಾನದ ಏರಿಳಿತ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಮುಂದಿನ ಹೆಜ್ಜೆಯಲ್ಲಿ ಅವಸರ ಬೇಡ. ಪ್ರತಿ ಆವರ್ತನದಲ್ಲಿ ಗದ್ದಲ (ಅಲೆಯದಲ್ಲದ, ಬೇಡದ ಏರಿಳಿತ) ಎಷ್ಟಿದೆಯೆಂದು ಅಳೆದು, ಆ ಅಳತೆಯಿಂದ ದತ್ತಾಂಶವನ್ನು ಭಾಗಿಸಿ. ಆಗ ಎಲ್ಲ ಆವರ್ತನಗಳ ಗದ್ದಲವೂ ಒಂದೇ ಮಟ್ಟಕ್ಕೆ ಇಳಿಯುತ್ತದೆ. ಗದ್ದಲದ ನಕ್ಷೆಯಲ್ಲಿ 60 ಹರ್ಟ್ಸ್ ಬಳಿ ಸೂಜಿಯಂತೆ ನಿಂತ ಗೆರೆ ಅಮೆರಿಕದ ಕರೆಂಟಿನದು. ನಮ್ಮಲ್ಲಾಗಿದ್ದರೆ ಅದು 50ರಲ್ಲಿ ಇರುತ್ತಿತ್ತು. ನಂತರ 35ರಿಂದ 350 ಹರ್ಟ್ಸ್‌ವರೆಗಿನದನ್ನಷ್ಟೇ ಉಳಿಸಿಕೊಂಡು, ಕಡತದ ಎರಡೂ ತುದಿಗಳನ್ನು ಕತ್ತರಿಸಿಬಿಡಿ, ಏಕೆಂದರೆ ಸೋಸುವಾಗ ಅಲ್ಲಿ ಸುಳ್ಳು ಏರಿಳಿತಗಳು ಹುಟ್ಟುತ್ತವೆ.

ಈಗ ಆ ಕ್ಷಣದ ಐದನೇ ಒಂದು ಸೆಕೆಂಡನ್ನು ಹಿಗ್ಗಿಸಿ ನೋಡಿದರೆ, ಬರಬರುತ್ತ ಒತ್ತಾಗುವ ಕೆಲವೇ ಅಲೆಗಳು ಬರಿಗಣ್ಣಿಗೇ ಕಾಣುತ್ತವೆ. ಹ್ಯಾನ್‌ಫರ್ಡ್‌ನ ಗೆರೆಯನ್ನು 7 ಮಿಲಿಸೆಕೆಂಡು ಹಿಂದಕ್ಕೆ ಸರಿಸಿ, ತಲೆಕೆಳಗು ಮಾಡಿ, ಲಿವಿಂಗ್‌ಸ್ಟನ್‌ನದರ ಮೇಲೆ ಇಡಿ: 3000 ಕಿಲೋಮೀಟರ್ ದೂರದ ಎರಡು ಉಪಕರಣಗಳ ಏರಿಳಿತಗಳು ಒಂದರ ಮೇಲೊಂದು ಕೂರುತ್ತವೆ. ಎರಡು ಕಡೆ ಅಲೆ ತಲುಪಿದ ಹೊತ್ತಿನ ಅಂತರ 10 ಮಿಲಿಸೆಕೆಂಡನ್ನು ಮೀರಿದ್ದರೆ ನಂಬಬಾರದು. ಬೆಳಕಿನ ವೇಗದಲ್ಲೇ ಸಾಗುವ ಅಲೆಗೆ ಆ ದೂರ ದಾಟಲು ಅಷ್ಟು ಹೊತ್ತು ಸಾಕು.

ಕೊನೆಗೆ ಲೆಕ್ಕದ ಮಾದರಿ ಅಲೆಯನ್ನು ದತ್ತಾಂಶದುದ್ದಕ್ಕೂ ಜಾರಿಸಿ, ಹೊಂದಿಕೆ ಎಲ್ಲಿ ಶಿಖರ ಮುಟ್ಟುತ್ತದೆಂದು ನೋಡಿ. ಸೂರ್ಯನ ಸುಮಾರು 36 ಮತ್ತು 29 ಪಟ್ಟು ದ್ರವ್ಯರಾಶಿಯ ಕಪ್ಪುಕುಳಿಗಳ ಮಾದರಿ ಚೆನ್ನಾಗಿ ಕೂರುತ್ತದೆ. ಡಿಕ್ಕಿಯ ನಂತರ ಉಳಿದ ಕಪ್ಪುಕುಳಿ 62 ಪಟ್ಟಿನದು, ಮಿಕ್ಕ 3 ಸೂರ್ಯರಷ್ಟು ದ್ರವ್ಯರಾಶಿ ಅಲೆಗಳಾಗಿ ಹೋಯಿತು.

2017ರ ಆಗಸ್ಟ್ 17ರ ನ್ಯೂಟ್ರಾನ್ ತಾರೆಗಳ ಡಿಕ್ಕಿಯನ್ನು ಹೀಗೆಯೇ ಹುಡುಕುವುದಾದರೆ 32 ಸೆಕೆಂಡಿನ ಕಡತ ಸಾಲದು, ಅದರ ಅಲೆ ಸುಮಾರು 100 ಸೆಕೆಂಡು ಇತ್ತು. ಡಿಕ್ಕಿಗೆ ಸುಮಾರು ಒಂದು ಸೆಕೆಂಡು ಮುಂಚೆ ಲಿವಿಂಗ್‌ಸ್ಟನ್‌ನಲ್ಲಿ ಉಪಕರಣದ್ದೇ ಒಂದು ದೊಡ್ಡ ಗದ್ದಲ ಬಿದ್ದಿದೆ. ಅದನ್ನು ತೆಗೆದ ಕಡತವನ್ನೇ ಆರಿಸಿಕೊಳ್ಳಿ.